ಅರ್ಧದಲ್ಲೇ ಹಾಡಿದ ಮಂಗಳ

ಬೇಲೂರಿನ ಗೋಪುರದ ಮುಂದಿನ ಚೌಕದಲ್ಲಿ ರಾಮನವಮಿಯ ಹರಿಕಥೆ ಕೇಳಬೇಕೆಂದರೆ ಮಧ್ಯಾಹ್ನವೇ ಜಮಖಾನ ಹಾಸಿ ಜಾಗ ಹಿಡಿಯಬೇಕು. ಇದನ್ನು ನನಗೆ ಕಲಿಸಿದವಳು ಸೋದರತ್ತೆ. ನಾಲ್ಕು ಮೂಲೆಗೂ ಕಲ್ಲಿಟ್ಟು ಊಟಕ್ಕೆ ಹೋದರೂ ಸರಿ, ಸಂಜೆ ಎಷ್ಟು ಜನ ಸೇರಿದರೂ ಬೇರೆಯವರ ಜಮಖಾನವನ್ನು ಯಾರೂ ತುಳಿಯುತ್ತಿರಲಿಲ್ಲ.

ಅತ್ತೆಯದು ಕಣಕಟ್ಟೆ, ನಮ್ಮ ಮನೆ ಅರಸೀಕೆರೆಯಲ್ಲಿ. ನಾನು ಎರಡನೇ ಕ್ಲಾಸಿನಲ್ಲಿದ್ದಾಗಿನಿಂದ ವರ್ಷಕ್ಕೊಮ್ಮೆ ನನ್ನನ್ನು ಕರೆದುಕೊಂಡು ಬಸ್ಸು ಹತ್ತುತ್ತಿದ್ದಳು. ಹಳೇಬೀಡಿನಲ್ಲಿ ಬಸ್ಸು ನಿಂತರೆ ಕಿಟಕಿಯಲ್ಲೇ ಉಪ್ಪು ಖಾರ ಹಚ್ಚಿದ ಸೌತೆಕಾಯಿ, ಕೈ ಒರೆಸಲು ಅವಳ ಸೆರಗು. ಹಗಲೆಲ್ಲ ಕಾದ ಚೌಕದ ನೆಲ ಜಮಖಾನದ ಮೇಲೆ ಕೂತರೂ ಬೆಚ್ಚಗೆ ತಾಗುತ್ತಿತ್ತು. ಕೋಸಂಬರಿ ತಿಂದು, ಪಾನಕ ಕುಡಿದು, ಕಥೆ ಅರ್ಧಕ್ಕೆ ಬರುವಷ್ಟರಲ್ಲಿ ನಾನು ಅವಳ ತೊಡೆಯ ಮೇಲೆ ನಿದ್ದೆ ಹೋಗಿರುತ್ತಿದ್ದೆ. ಕೊನೆಗೆ ದಾಸರು ಮಂಗಳ ಹಾಡುವಾಗ ಭುಜ ಅಲ್ಲಾಡಿಸಿ ಎಬ್ಬಿಸುತ್ತಿದ್ದಳು. "ಏಳೇ, ಮಂಗಳ. ಕುಂತ್ಕಂಡು ಕೇಳ್ಬಾರ್ದು." ಎಲ್ಲರೂ ಎದ್ದು ಕೈಮುಗಿದು, ಜಮಖಾನ ಮಡಿಸಿಕೊಂಡು ಹೊರಡುತ್ತಿದ್ದರು. ಮಂಗಳವಾದ ಮೇಲೆ ಯಾರೂ ಕೂರುವುದಿಲ್ಲ.

ಈಗ ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಅತ್ತೆಗೆ ಮಂಡಿ ನೋವು. ಹೋದ ವರ್ಷ ನಾನೇ ಅವಳನ್ನು ಕರೆದುಕೊಂಡು ಹೋದೆ. ವೇದಿಕೆಯ ಪಕ್ಕದಲ್ಲಿ ಎತ್ತರದ ಕಬ್ಬಿಣದ ಚೌಕಟ್ಟು ನಿಲ್ಲಿಸಿ ದೊಡ್ಡ ದೊಡ್ಡ ದೀಪ ಕಟ್ಟಿದ್ದರು. "ಈ ಸಲ ದಾಸರ ಮುಖ ಚೆಂದಾಗಿ ಕಾಣ್ತದೆ" ಎಂದು ಅತ್ತೆ ಅದರ ಮುಂದೆಯೇ ಜಾಗ ಹಿಡಿದಳು.

ಕಥೆ ಕಡಲ ದಡಕ್ಕೆ ಬಂದಿತ್ತು. ಇನ್ನೂ ಬೆಳಕಿತ್ತು. ಅತ್ತೆಗೆ ಪಾನಕ ತರಲು ನಾನು ವೇದಿಕೆಯ ಬದಿಗೆ ಹೋದಾಗ ಗಾಳಿ ಎದ್ದಿತು. ನೋಡುತ್ತೇನೆ, ಚೌಕಟ್ಟಿನ ಒಂದು ಕಾಲು ನೆಲ ಬಿಟ್ಟು ಮೇಲೆದ್ದು ಮತ್ತೆ ಕೂತಿತು. ಹಿಂದಿನ ಹಗ್ಗವೊಂದು ಬಿಚ್ಚಿಕೊಂಡು ಜೋತಾಡುತ್ತಿತ್ತು. ಬೀಳುವುದಾದರೆ ಅದು ಜನರ ಮೇಲೆಯೇ ಬೀಳುತ್ತದೆ ಎಂದು ತಿಳಿಯಲು ನಾನು ಓದಿದ ವಿಜ್ಞಾನವೇನೂ ಬೇಕಿರಲಿಲ್ಲ.

ಪಾನಕ ಹಂಚುತ್ತಿದ್ದವನಿಗೆ ತೋರಿಸಿದೆ. "ಗಾಳಿ ಕಣಕ್ಕ, ಏನೂ ಆಗಾಕಿಲ್ಲ ಬಿಡಿ. ಮೊದ್ಲು ಲೋಟ ಹಿಡೀರಿ" ಎಂದು ನಕ್ಕ. ಕಾಲು ಮತ್ತೊಮ್ಮೆ ಎದ್ದಿತು, ಈ ಸಲ ಒಂದು ಗೇಣು. ಅವನ ಕೈಯ ಸೌಟು ಪಾನಕದೊಳಗೆ ಬಿತ್ತು.

ನಾನು ಚಪ್ಪಲಿ ಕಾಲಲ್ಲೇ ವೇದಿಕೆ ಹತ್ತಿ ಮೈಕಿಗೆ ಕೈ ಹಾಕಿದೆ. ಓಡಿ ಎಂದು ಕೂಗುವುದೊಂದೇ ತಲೆಯಲ್ಲಿತ್ತು. ದಾಸರು ನನ್ನ ಮುಖ ನೋಡಿದರು, ನಾನು ತೋರಿಸಿದ ಕಡೆ ನೋಡಿದರು, ಅಂಗೈಯಿಂದ ಮೈಕ್ ಮುಚ್ಚಿದರು.

"ಓಡಿ ಅನ್ಬೇಡಿ ಕಣಮ್ಮ, ತುಳಿದಾಡ್ಬಿಡ್ತಾರೆ. ನಾನು ಏಳಿಸ್ತೀನಿ, ಮುಂದಿನೋರ್ನ ಪೇಟೆ ಕಡೆ ಕಳ್ಸಿ."

ತಾಳ ಎತ್ತಿ ಮಂಗಳ ಹಾಡತೊಡಗಿದರು.

ಚೌಕ ಒಂದು ಕ್ಷಣ ಪಿಳಿಪಿಳಿ ನೋಡಿತು. "ಏನ್ಲಾ ಇದು, ದಾಸಪ್ಪಂಗೆ ಬಸ್ಸಿಗೆ ಹೊತ್ತಾಯ್ತೇನ್ಲಾ?" ಎಂದು ಯಾರೋ ಕೂಗಿದರು. ನಗೆ ಎದ್ದಿತು. ಆದರೂ ಜನ ಎದ್ದರು. ಗೊಣಗುತ್ತ, ಕೈಮುಗಿಯುತ್ತ, ಜಮಖಾನ ಕೊಡವುತ್ತ, ನಾನು ಕೆಳಗಿಳಿದು ಕೈ ತೋರಿಸಿದ ಪೇಟೆ ಬೀದಿಯ ಕಡೆ ಸರಿಯತೊಡಗಿದರು.

ಅತ್ತೆ ಮಾತ್ರ ಏಳಲಿಲ್ಲ.

"ಕಡಲು ದಾಟೇ ಇಲ್ಲ, ಎಂಥಾ ಮಂಗಳ್ವೇ ಇದು? ನಾನ್ ಏಳಾಕಿಲ್ಲ. ಪೂರ್ತಿ ಹೇಳ್ಲಿ."

ಸುತ್ತ ಇನ್ನೂ ಜನರಿದ್ದರು. ನಿಜ ಹೇಳುವಂತಿರಲಿಲ್ಲ. "ಅತ್ತೆ, ಮಂಗಳ. ಕುಂತ್ಕಂಡು ಕೇಳ್ಬಾರ್ದು" ಎಂದೆ. ನನ್ನನ್ನು ದುರುಗುಟ್ಟಿ ನೋಡಿ ಕೈ ಚಾಚಿದಳು. ಮಂಡಿ ನೆಟ್ಟಗಾಗಲು ಎಷ್ಟು ಹೊತ್ತು! ಎದ್ದವಳು ಮತ್ತೆ ಜಮಖಾನಕ್ಕೆ ಬಗ್ಗಿದಳು.

"ಬಿಡು ಅತ್ತೆ."

"ನಮ್ಮವ್ವ ಕೊಟ್ಟಿದ್ದು ಕಣೇ."

ಜನ್ಮದಲ್ಲಿ ಮೊದಲ ಬಾರಿ ಅವಳ ರಟ್ಟೆ ಹಿಡಿದು ದರದರ ಎಳೆದೆ. ಅವಳ ಬಳೆ ಒಡೆದು ನನ್ನ ಅಂಗೈಗೆ ಚುಚ್ಚಿತು. ಹಿಂದೆ ದಾಸರು ಹಾಡಿದ ಸಾಲನ್ನೇ ಮತ್ತೆ ಮತ್ತೆ ಹಾಡುತ್ತಿದ್ದರು. ಮುಂದೆ ಕೂತಿದ್ದ ಜನರೆಲ್ಲ ಸರಿದು ಹೋಗುವವರೆಗೂ ಅವರು ವೇದಿಕೆ ಬಿಡಲಿಲ್ಲ. ಬಿಟ್ಟು ಹಿಂದಿನ ಮೆಟ್ಟಿಲು ಇಳಿಯುತ್ತಿರುವಾಗ ಚೌಕಟ್ಟು ಬಿತ್ತು. ಗಾಜು ನಾವು ನಿಂತಿದ್ದ ಅಂಗಡಿಯ ಜಗಲಿಯವರೆಗೂ ಸಿಡಿಯಿತು. ಯಾರಿಗೂ ಪೆಟ್ಟಾಗಲಿಲ್ಲ.

ಇಂದಿಗೂ ಕ್ಲಾಸಿನಲ್ಲಿ ಬೆಂಚು ಎಳೆದ ಸದ್ದಾದರೆ ಪಾಠ ನಿಲ್ಲಿಸಿ ಬಾಗಿಲ ಕಡೆ ನೋಡುತ್ತೇನೆ. ಕಬ್ಬಿಣ ಬೀಳುವುದಲ್ಲ ನನಗೆ ಕಾಣುವುದು. ನಾನು ಕೂಗುತ್ತೇನೆ, ಜನ ಓಡುತ್ತಾರೆ, ಆ ಕಾಲುಗಳ ನಡುವೆ ಮಂಡಿ ನೆಟ್ಟಗಾಗದ ಅತ್ತೆ ಕೂತಿದ್ದಾಳೆ. ಎಷ್ಟು ಸಲ ಕಂಡರೂ ಇಷ್ಟೇ.

ಅಂದು ದಾಸರು ಅದೇ ಜಗಲಿಗೆ ಬಂದು ಕುಸಿದು ಕೂತರು. ಕಾಲಿನ ಗೆಜ್ಜೆ ಬಿಚ್ಚಲು ಹೋದರೆ ಬೆರಳುಗಳು ಮಾತು ಕೇಳುತ್ತಿರಲಿಲ್ಲ. ನಾನು ಬಗ್ಗಿದೆ. ನಾನು ಎಳೆದ ಗಂಟು ಇನ್ನಷ್ಟು ಬಿಗಿದುಕೊಂಡಿತು. ಅಷ್ಟು ಹೊತ್ತು ಬಿದ್ದ ಕಬ್ಬಿಣವನ್ನೇ ನೋಡುತ್ತಿದ್ದ ಅತ್ತೆ ನನ್ನನ್ನು ಪಕ್ಕಕ್ಕೆ ಸರಿಸಿ ಕಂಬ ಹಿಡಿದುಕೊಂಡು ನೆಲಕ್ಕೆ ಕೂತಳು.

"ಅಯ್ಯೋ, ಬೇಡ ತಾಯಿ, ನೀವು ದೊಡ್ಡೋರು" ಎಂದು ದಾಸರು ಕಾಲೆಳೆದುಕೊಂಡರು.

"ಸುಮ್ಕಿರಿ" ಎಂದಳು ಅತ್ತೆ. ಅವರ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಗಂಟು ಬಿಚ್ಚತೊಡಗಿದಳು.