ಬಿನ್ನವತ್ತಳೆಯೊಳಗೆ ಬಿದ್ದ ಔಷಧಿ

ಮೈಕಿನ ಮುಂದೆ ನಿಂತು ನಾನು ಮೊದಲೇ ನೋಡಿಕೊಳ್ಳದೆ ಓದಿದ ಕಾಗದ ಒಂದೂ ಇಲ್ಲ. ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಮೈಕ್ ಶಾಂತಮಲ್ಲಪ್ಪ ಅಂದರೆ ತೊಟ್ಟಿಲ ಕೂಸೂ ಅಳು ನಿಲ್ಲಿಸಿ ಕಿವಿಗೊಡುತ್ತದೆ. ಬೇಗೂರಿನಲ್ಲಿ ನಿಂತು ನಾನು ಒಮ್ಮೆ ‘ಹಲೋ’ ಅಂದರೆ ಬಂಡೀಪುರದ ಆನೆಗಳು ಮೇವು ಬಿಟ್ಟು, ತಮ್ಮನ್ನೇ ಯಾರೋ ಕರೆದರು ಅಂತ ಎದ್ದು ಹೊರಡುತ್ತಿದ್ದವು. ಕಾಡಿನ ಗಾರ್ಡುಗಳು ಬಂದು ಕೈಮುಗಿದ ಮೇಲೆ ಹಾರನ್ನನ್ನು ಊರಿನ ಕಡೆಗೆ ತಿರುಗಿಸಿಕೊಂಡೆ. ಇನ್ನು ಓದುವ ಶಿಸ್ತು. ಕೈಗೆ ಬಂದ ಕಾಗದವನ್ನು ಮೊದಲು ಕಣ್ಣಿನಲ್ಲಿ ಓದುತ್ತೇನೆ, ಆಮೇಲೆ ಮನಸ್ಸಿನಲ್ಲಿ, ಮೂರನೆಯ ಸಲ ಮಾತ್ರ ಬಾಯಿಯಲ್ಲಿ.

ಈ ಶಿಸ್ತಿನ ಮೇಲೆ ಭಾರ ಹಾಕಿಯೇ ನಮ್ಮ ಪಕ್ಕದ ಮನೆಯ ಸ್ವರ್ಣಲತಾ ಒಂದು ವರ್ಷ ಬರವಣಿಗೆ ಮಾಡಿದಳು. ಅವಳು ಬರೆಯುವುದು, ನಾನು ಓದುವುದು. ಅದು ಕೆಲಸವೋ ಅಲ್ಲವೋ ಅನ್ನುವುದು ಮಾತ್ರ ಇವತ್ತಿನವರೆಗೂ ಬೇಗೂರಿನಲ್ಲಿ ತೀರ್ಮಾನವಾಗಿಲ್ಲ.

ಸ್ವರ್ಣಲತಾ ಚಾಮರಾಜನಗರದ ಕಾಲೇಜಿನಲ್ಲಿ ಕನ್ನಡ ಓದಿದವಳು. ಗಂಡ ಪ್ರದೀಪ ಅರಿಶಿನಕ್ಕೆ ಪಾಲಿಶ್ ಹಾಕುವ ಯಂತ್ರವನ್ನು ಟ್ರ್ಯಾಕ್ಟರಿಗೆ ಕಟ್ಟಿಕೊಂಡು ಊರೂರು ಸುತ್ತುತ್ತಾನೆ. ಸುಗ್ಗಿಯಲ್ಲಿ ಅವನು ಮನೆಗೆ ಬಂದು ಮೈ ಕೊಡವಿದರೆ ಬೀದಿಯವರೆಲ್ಲ ಆ ವಾರ ಸಾರಿಗೆ ಅರಿಶಿನ ಕೊಳ್ಳುವುದಿಲ್ಲ. ಮಗಳು ಮೇಘನಾ ಎರಡನೇ ಕ್ಲಾಸು. ಮಗನಿಗೆ ಮಾದಪ್ಪ ಅಂತ ದೇವರ ಹೆಸರು. ಕೂಗುವುದು ಗುಂಡ ಅಂತ. ಗುಂಡನಿಗೆ ಇನ್ನೂ ಮೂರು ತುಂಬಿಲ್ಲ, ಆದರೆ ಅವನು ಅಳುವುದಕ್ಕೆ ಕೂತರೆ ನನ್ನ ಆಂಪ್ಲಿಫೈಯರ್ ನಾಚಿಕೊಂಡು ತಾನಾಗಿ ಆಫ್ ಆಗುತ್ತದೆ.

ಹೋದ ಯುಗಾದಿಗೆ ಅವಳಿಗೆ ಸಂತೆಮರಹಳ್ಳಿಯ ಒಂದು ಖಾಸಗಿ ಶಾಲೆಯ ಆಫೀಸಿನಲ್ಲಿ ಕೆಲಸ ಸಿಕ್ಕಿತ್ತು. ಬೆಳಿಗ್ಗೆ ಬಸ್ಸು ಹತ್ತಿದರೆ ದೀಪ ಹಚ್ಚುವ ಹೊತ್ತಿಗೆ ಮನೆ. ಗುಂಡನನ್ನು ಬಿಟ್ಟು ಹೋಗಲು ಅವಳಿಗೆ ಮನಸ್ಸಿಲ್ಲ, ಬರೆಯುವ ಆಸೆ ಬೇರೆ ಇತ್ತು. ಕೊನೆಗೆ ಗಂಡಹೆಂಡತಿ ಒಂದು ಒಪ್ಪಂದಕ್ಕೆ ಬಂದರು: ಒಂದು ವರ್ಷ ಮನೆಯಲ್ಲೇ ಕೂತು ಬರೆಯುವುದು. ಮುಂದಿನ ಯುಗಾದಿಯೊಳಗೆ ಜನ ಅವಳ ಹೆಸರು ಕೇಳಿಕೊಂಡು ಬಂದರೆ ಸರಿ, ಇಲ್ಲದಿದ್ದರೆ ಸಂತೆಮರಹಳ್ಳಿ ಬಸ್ಸು. ಶಾಲೆಯವರೂ, ಆಗಲಿ ಬರುವ ವರ್ಷ ನೋಡೋಣ ಅಂದರು.

ಬರೆಯುವುದು ಅಂದರೆ ಏನೋ ದೊಡ್ಡದು ಅಂದುಕೊಳ್ಳಬೇಡಿ. ಗುಂಡ್ಲುಪೇಟೆಯ ಫ್ಲೆಕ್ಸ್ ಅಂಗಡಿಯವನು ಫೋಟೋ ಕಳಿಸಿ ‘ಮೇಡಂ, ಮ್ಯಾಟರ್ ಕೊಡಿ’ ಅನ್ನುತ್ತಾನೆ. ಸತ್ತವರಿಗೆ ಶ್ರದ್ಧಾಂಜಲಿ, ಹುಟ್ಟಿದವರಿಗೆ ನಾಮಕರಣದ ಪತ್ರಿಕೆ, ಗೆದ್ದವರಿಗೆ ಅಭಿನಂದನೆ, ಗೆಲ್ಲದವರಿಗೆ ಶುಭ ಹಾರೈಕೆ. ಶಾಲೆಯ ವಾರ್ಷಿಕೋತ್ಸವಕ್ಕೆ ಸ್ವಾಗತ ಭಾಷಣ, ಅದೇ ಸಭೆಗೆ ವಂದನಾರ್ಪಣೆ. ನಡುವೆ ಬೆಂಗಳೂರಿನ ಯಾವುದೋ ವೆಬ್‌ಸೈಟಿನವರು ಮಕ್ಕಳನ್ನು ಮೊಬೈಲಿನಿಂದ ದೂರ ಇಡುವುದು ಹೇಗೆ ಅಂತ ಬರೆಸಿದರು. ಅವಳು ಅದನ್ನು ಬರೆದದ್ದು ಮೊಬೈಲಿನಲ್ಲೇ. ಆ ಮೊಬೈಲು ಬೇಕು ಅಂತ ಗುಂಡ ಕಾಲು ಹಿಡಿದುಕೊಂಡು ಇಡೀ ನಡುಮನೆ ಉರುಳಾಡಿ ನೆಲ ಪಾಲಿಶ್ ಮಾಡಿದ್ದ. ಲೇಖನ ತುಂಬ ಚೆನ್ನಾಗಿದೆ, ಅನುಭವದಿಂದ ಬರೆದಂತಿದೆ ಅಂತ ಅವರು ತಿಳಿಸಿದರು.

ಅವಳು ಬರೆಯುವ ರೀತಿಯೂ ಒಂದು ಗೊಂದಲವೇ. ಒಂದು ಕೈಯಲ್ಲಿ ಮುದ್ದೆ, ಇನ್ನೊಂದು ಕೈಯಲ್ಲಿ ಮೇಘನಾಳ ಜಡೆ. ಬರೆಯಲು ಕೈ ಎಲ್ಲಿದೆ? ಫೋನಿನಲ್ಲಿ ಮೈಕಿನ ಚಿತ್ರ ಒತ್ತಿ ಗೋಡೆಯ ಗೂಡಿನಲ್ಲಿ ಇಟ್ಟು ಮಾತಾಡುತ್ತಾಳೆ, ಅಕ್ಷರ ತಾನಾಗಿ ಬೀಳುತ್ತದೆ. ನನ್ನ ಮೈಕು ಅಕ್ಷರ ತಿಂದು ಸದ್ದು ಮಾಡಿದರೆ ಅವಳದು ಸದ್ದು ತಿಂದು ಅಕ್ಷರ ಮಾಡುತ್ತಿತ್ತು. ಅದನ್ನು ಮೊದಲು ಕಂಡ ದಿನ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು. ಆದರೆ ಆ ಫೋನಿಗೆ ಯಾವುದು ಬರವಣಿಗೆ, ಯಾವುದು ಸಂಸಾರ ಅಂತ ಗೊತ್ತಿಲ್ಲ. ‘ತಮ್ಮ ಅಗಲಿಕೆಯಿಂದ ನಾಡು ಬಡವಾಗಿದೆ’ ಅಂದ ಬೆನ್ನಿಗೇ ‘ಗುಂಡ, ಚಪ್ಪಲಿ ಬಾಯಿಗೆ ಇಟ್ಕೋಬ್ಯಾಡ’ ಅನ್ನುವುದೂ ಸೇರಿಕೊಳ್ಳುತ್ತದೆ. ಮಕ್ಕಳು ಮಲಗಿದ ಮೇಲೆ ಅವಳು ಕೂತು ರಾಗಿಯಲ್ಲಿ ಕಲ್ಲು ಆರಿಸುವಂತೆ ಸಂಸಾರವನ್ನೆಲ್ಲ ಆರಿಸಿ ತೆಗೆದು ಕಳಿಸುತ್ತಿದ್ದಳು.

ಅತ್ತೆ ಮಾದಮ್ಮನಿಗೆ ಇದು ಕೊನೆಗೂ ಅರ್ಥವಾಗಲಿಲ್ಲ. ಸೊಸೆ ಗೂಡಿನ ಮುಂದೆ ನಿಂತು ‘ಮಹನೀಯರೇ, ತಮ್ಮ ಸಾಧನೆ ಅಪಾರ’ ಅಂದಾಗಲೆಲ್ಲ ಮನೆಗೆ ಯಾರೋ ಬಂದರು ಅಂತ ಸೆರಗು ಸರಿಮಾಡಿಕೊಂಡು ಎದ್ದು ಬರುತ್ತಿದ್ದಳು. ಬಸ್ಸಿನಲ್ಲಿ ಯಾರಾದರೂ ಏನು ಕೆಲಸ ಅಂತ ಕೇಳಿದರೆ ಸ್ವರ್ಣಲತಾ ಒಮ್ಮೆ ಬರೀತೀನಿ ಅನ್ನುವಳು, ಒಮ್ಮೆ ಮನೇಲಿದ್ದೀನಿ ಅನ್ನುವಳು. ಒಮ್ಮೆ ನನ್ನೆದುರೇ ಎರಡನ್ನೂ ಹೇಳಿ, ಕೇಳಿದವರಿಗಿಂತ ತಾನೇ ಹೆಚ್ಚು ಗಲಿಬಿಲಿಗೊಂಡು ಕಿಟಕಿಯ ಕಡೆ ತಿರುಗಿದಳು.

ಹೀಗೆ ವರ್ಷ ಸವೆಯುತ್ತಾ ಬಂತು. ಹೆಸರು ಕೇಳಿಕೊಂಡು ಯಾರೂ ಬರಲಿಲ್ಲ. ಫ್ಲೆಕ್ಸ್ ಓದಿ, ಇದನ್ನು ಬರೆದವರು ಯಾರು ಅಂತ ಕೇಳುವವರು ಎಲ್ಲಿದ್ದಾರೆ? ಯುಗಾದಿ ಹತ್ತಿರ ಬಂದಾಗ ಒಂದು ದೊಡ್ಡ ಕೆಲಸ ಸಿಕ್ಕಿತು. ನಮ್ಮ ಕಡೆ ಮೂಗಮ್ಮ ಸಿಸ್ಟರ್ ಅಂತ ಒಬ್ಬ ನರ್ಸಮ್ಮ. ಕಾಡಂಚಿನ ಗಿರಿಜನರ ಹಾಡಿಗಳಿಗೆ ನಡೆದು ಹೋಗಿ ಮಕ್ಕಳಿಗೆ ಸೂಜಿ ಚುಚ್ಚಿ, ಹನಿ ಹಾಕಿ ಬಂದವರು. ಅವರು ರಿಟೈರ್ ಆಗುತ್ತಿದ್ದರು. ಸನ್ಮಾನ ಸಮಿತಿಯ ನೀಲಕಂಠಸ್ವಾಮಿ ಚಾಮರಾಜನಗರದಲ್ಲಿ ಹಾಲ್ ಹಿಡಿದು, ಬಿನ್ನವತ್ತಳೆ ಬರೆಯಲು ಸ್ವರ್ಣಲತಾಳಿಗೆ ಹೇಳಿದರು, ಓದಲು ನನಗೆ. ಜಿಲ್ಲೆಯ ಜನವೆಲ್ಲ ಸೇರುವ ಸಭೆ. ಇಲ್ಲಿ ಹೆಸರು ಬಂದರೆ ಬಂತು, ಇಲ್ಲದಿದ್ದರೆ ಬಸ್ ಪಾಸ್ ಮಾಡಿಸುವುದೇ ಅಂತ ಅವಳಿಗೂ ಗೊತ್ತು, ಪ್ರದೀಪನಿಗೂ ಗೊತ್ತು.

ಬಿನ್ನವತ್ತಳೆಯ ಪದ್ಧತಿ ನಿಮಗೆ ಗೊತ್ತಿರುವುದೇ. ತಲೆಗೆ ಮೈಸೂರು ಪೇಟ ಇಟ್ಟು, ಹೆಗಲಿಗೆ ಶಾಲು ಹೊದಿಸಿ, ಮಡಿಲಿಗೆ ಹಣ್ಣಿನ ಬುಟ್ಟಿ ಕೊಟ್ಟು, ಮನುಷ್ಯ ಅಲ್ಲಾಡದಂತೆ ಕೂರಿಸಿದ ಮೇಲೆ ಹೊಗಳಿಕೆ ಓದುವುದು. ಕೂತವರು ತಲೆ ತಗ್ಗಿಸಿರಬೇಕು. ಆಮೇಲೆ ಅದನ್ನೇ ಅಚ್ಚು ಹಾಕಿಸಿ ಗಾಜು ಕೂರಿಸಿದ ಕಟ್ಟನ್ನು ಅವರ ಕೈಗೆ ಕೊಡುವುದು.

ಮ್ಯಾಟರ್ ಕಳಿಸಬೇಕಾದ ದಿನವೇ ಗುಂಡನಿಗೆ ಜ್ವರ ಬಂತು. ಅವಳು ಮಗುವನ್ನು ಹೆಗಲಿಗೆ ಹಾಕಿಕೊಂಡೇ ಗೂಡಿನ ಮುಂದೆ ಓಡಾಡುತ್ತಾ ಹೇಳಿ ಮುಗಿಸಿದಳು. ಆರಿಸಲು ಹೊತ್ತಿಲ್ಲದೆ ಸಂಜೆ ಅದನ್ನು ನನ್ನ ಫೋನಿಗೆ ಕಳಿಸಿದಳು. ಜೊತೆಗೆ ಒಂದು ಮಾತು: “ತಾತ, ನನ್ನ ಕಣ್ಣು ನಿಲ್ತಿಲ್ಲ, ನೀವೊಂದ್ಸಲ ನೋಡ್ಬುಡಿ, ನೀವು ಸರಿ ಅಂದ್ಮೇಲೆ ಅಂಗಡಿಗೆ ಕಳಿಸ್ತೀನಿ.” ಆಗ ನಾನು ಮೈಕಿನ ವೈರು ಸುತ್ತುತ್ತಿದ್ದೆ, ಕನ್ನಡಕ ಒಳಗಿತ್ತು. ಸ್ವರ್ಣಲತಾ ಬರೆದದ್ದನ್ನು ನೋಡುವುದೇನಿದೆ, ಆ ಹುಡುಗಿ ಬರೆದರೆ ಮುತ್ತು. ಹೆಬ್ಬೆರಳು ಎತ್ತಿದ ಚಿತ್ರ ಒತ್ತಿದೆ. ಪಕ್ಕದಲ್ಲಿ ಎರಡು ಹೂವನ್ನೂ ಹಾಕಿದೆ. ಅಂಗಡಿಯವನು ಬಂದದ್ದನ್ನು ಬಂದ ಹಾಗೆ ಅಚ್ಚು ಹಾಕಿದ.

ಸಭೆಯ ದಿನ ಬಣ್ಣದ ಕಾಗದ ಸುತ್ತಿದ ಕಟ್ಟು ವೇದಿಕೆಯ ಮೇಲೆಯೇ ನನ್ನ ಕೈಗೆ ಬಂತು. ಹಿಂದಿನ ಸಾಲಿನಲ್ಲಿ ಸ್ವರ್ಣಲತಾ, ಮಡಿಲಲ್ಲಿ ಗುಂಡ, ಪಕ್ಕದಲ್ಲಿ ಪ್ರದೀಪ. ನಾನು ಗಂಟಲು ಸರಿಮಾಡಿಕೊಂಡೆ. ಹಾಲಿನ ಫ್ಯಾನುಗಳು ನಿಂತವು. ಕರೆಂಟು ಹೋಯಿತು ಅಂತ ಜನ ಹೇಳುತ್ತಾರೆ. ನನ್ನ ದನಿಗೆ ನಿಂತವು ಅಂತ ನಾನು ಹೇಳುತ್ತೇನೆ. ಮೈಕೂ ಹೋಗಿತ್ತು, ನನಗೆ ಬೇಕಾಗಿರಲಿಲ್ಲ.

“ಸೇವೆಯ ಸಾಕಾರಮೂರ್ತಿಯೇ,” ಅಂತ ಎತ್ತಿಕೊಂಡೆ. “ಮಳೆಯೆನ್ನದೆ ಬಿಸಿಲೆನ್ನದೆ ಗುಡ್ಡಗಾಡಿನ ಗುಡಿಸಲು ಗುಡಿಸಲಿಗೂ ಆರೋಗ್ಯದ ಬೆಳಕನ್ನು ಹೊತ್ತು ನಡೆದ ತಾವು, ಅಳಬ್ಯಾಡ ಕಂದ, ಒಂಚೂರು ಕುಡಿ, ಕಹಿ ಇಲ್ಲ ಕಣ, ಅಮ್ಮ ಇಲ್ಲೇ ಅವಳ, ಎಲ್ಗೂ ಓಗಲ್ಲ, ಈ ನಾಡಿನ ಅಮೂಲ್ಯ ರತ್ನವಾಗಿದ್ದೀರಿ.”

ದನಿ ಒಮ್ಮೆ ಹೊರಟರೆ ಇಳಿಜಾರಿನಲ್ಲಿ ಬಿಟ್ಟ ಲಾರಿ ಇದ್ದ ಹಾಗೆ. ‘ರತ್ನ’ ದಾಟಿದ ಮೇಲೆಯೇ ನನಗೆ ಬ್ರೇಕು ಸಿಕ್ಕಿದ್ದು. ನೀಲಕಂಠಸ್ವಾಮಿ ಕಟ್ಟನ್ನು ಇಣುಕಿ ನೋಡಿ, ನನ್ನನ್ನು ನೋಡಿ, ಮತ್ತೆ ಕಟ್ಟನ್ನು ನೋಡಿದರು. ಮುಂದಿನ ಸಾಲಿನ ಒಬ್ಬರು ಅನುಮಾನದಿಂದ ಎರಡು ಚಪ್ಪಾಳೆ ಹೊಡೆದು ನಿಲ್ಲಿಸಿದರು. ಸ್ವರ್ಣಲತಾ ಎದ್ದು ಬಾಗಿಲ ಕಡೆ ಹೊರಟಿದ್ದಳು.

ಆಗ ಪೇಟದ ಕೆಳಗೆ ತಗ್ಗಿದ್ದ ತಲೆ ಮೇಲೆದ್ದಿತು. ಮೂಗಮ್ಮ ಸಿಸ್ಟರ್ ಹಣ್ಣಿನ ಬುಟ್ಟಿಯನ್ನು ಕೆಳಗಿಟ್ಟು, ಆ ಸಾಲನ್ನು ಇನ್ನೊಂದು ಸಲ ಓದಿ ಅಂದರು. ಓದಿದೆ.

“ರತ್ನ ಅಂದ್ರೆ ಯಾರೋ ನಂಗೆ ಗೊತ್ತಿಲ್ಲ ಕಣಪ್ಪ,” ಅಂದರು ಸಿಸ್ಟರ್. “ಇದು ಮಾತ್ರ ನಾನೇಯ. ಹೋದ ಹೋದ ಮನೇಲೆಲ್ಲ ಇದನ್ನೇ ಅಂದಿವ್ನಿ. ಬರ್ದೋರು ಯಾರು?”

ಹಿಂದಿನ ಸಾಲುಗಳಲ್ಲಿದ್ದ ತಾಯಂದಿರು ನಗುವುದಕ್ಕೂ ಕಣ್ಣೊರೆಸಿಕೊಳ್ಳುವುದಕ್ಕೂ ಒಟ್ಟಿಗೇ ಶುರುಮಾಡಿದರು. ಬಾಗಿಲಲ್ಲಿದ್ದ ಸ್ವರ್ಣಲತಾಳ ಕಡೆ ಪ್ರದೀಪ ಬೆರಳು ತೋರಿಸಿದ. ಅವಳು ಮಾತ್ರ ಗುಂಡನನ್ನು ಎದೆಗೆ ಒತ್ತಿಕೊಂಡು, ತನ್ನನ್ನು ಕರೆಯುತ್ತಿರುವುದು ಬೈಯುವುದಕ್ಕೋ ಹೊಗಳುವುದಕ್ಕೋ ತಿಳಿಯದೆ ನಿಂತಿದ್ದಳು.

ವಾರದೊಳಗೆ ಜನ ಹೆಸರು ಕೇಳಿಕೊಂಡು ಬಂದರು. ಲೈನ್‌ಮನ್ ಒಬ್ಬರು ತಮ್ಮ ರಿಟೈರ್‌ಮೆಂಟಿಗೂ ‘ಆ ಕಂದನ ಸಾಲು’ ಹಾಕಿಕೊಡಿ ಅಂದರು. ಮಿಲ್ಲಿನ ಮಾಲೀಕರೊಬ್ಬರು ತಮ್ಮ ಅರವತ್ತರ ಶಾಂತಿಗೆ ‘ಅಮ್ಮ ಇಲ್ಲೇ ಅವಳ’ ಬೇಕೇ ಬೇಕು ಅಂತ ಹಟ ಹಿಡಿದರು. ಮಾದಮ್ಮ ಬಾಗಿಲಲ್ಲಿ ಕೂತು ಎಲ್ಲ ನೋಡಿದಳು. “ಮಗೀಗೆ ಔಸ್ತಿ ಕುಡ್ಸೋ ಮಾತ್ಗೆ ಚಪ್ಪಾಳೆ ಬತ್ತದ ಅಂದ್ರ,” ಅಂದಳು, “ಆರು ಮಕ್ಕಳ ಸಾಕಿರೋ ನಂಗ ಎಷ್ಟು ಬರ್ಬೇಕಿತ್ತು?”

ಗೆದ್ದಳಲ್ಲ ಅಂತ ನಾನು ಪಾಯಸ ಕುಡಿಯಲು ಹೋದರೆ ಅಲ್ಲಿ ಪಾಯಸ ಮಾಡಿರಲಿಲ್ಲ. ಸ್ವರ್ಣಲತಾ ಹೊಸ್ತಿಲಲ್ಲಿ ಗುಂಡನಿಗೆ ಮುದ್ದೆ ತಿನ್ನಿಸುತ್ತಾ ಕೂತಿದ್ದಳು. ವರ್ಷವೆಲ್ಲ ತಾನು ಕೂತು ಆರಿಸಿ ಬಿಸಾಡಿದ್ದೇ ಕಾಳಾ, ಕಳಿಸಿದ್ದೆಲ್ಲ ಕಲ್ಲಾ ಅಂತ ಅವಳು ನನ್ನನ್ನೇ ಕೇಳಿದಳು. ಜನ ಹೊಗಳಿದ್ದು ತನ್ನ ಬರವಣಿಗೆಯನ್ನೋ ಗುಂಡನ ಜ್ವರವನ್ನೋ ಅಂತಲೂ ಕೇಳಿದಳು. ಈಗ ಬೇಕು ಅಂತಲೇ ಕೂತು ಹಾಗೆ ಬರೆಯಲು ಹೋದರೆ ಬರುತ್ತಲೇ ಇಲ್ಲವಂತೆ. ಲೈನ್‌ಮನ್‌ಗೆ ಬರೆದದ್ದು ಲೈನ್‌ಮನ್‌ಗೇ ಜ್ವರ ಬಂದ ಹಾಗಿತ್ತಂತೆ. ಸಂತೆಮರಹಳ್ಳಿ ಶಾಲೆಯವರು ನಾಳೆ ಉತ್ತರ ಹೇಳಬೇಕು ಅಂದಿದ್ದಾರೆ, ಒಂದು ವರ್ಷ ಬರೆದಳೋ ಮಕ್ಕಳನ್ನು ಸಾಕಿದಳೋ ಅಂತಲೇ ಅವಳಿಗೆ ಗೊತ್ತಿಲ್ಲ, ಇನ್ನು ಉತ್ತರ ಏನು ಹೇಳುವುದು? ಪ್ರದೀಪ ಅಂಗಳದಲ್ಲಿ ಯಂತ್ರ ತೊಳೆಯುತ್ತಿದ್ದ. ಒಂದೇ ಚಕ್ರವನ್ನು ಬಹಳ ಹೊತ್ತಿನಿಂದ ತೊಳೆಯುತ್ತಿದ್ದ.

ನನಗೂ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ಹೇಳಿ ನನಗೆ ಅಭ್ಯಾಸವಿಲ್ಲ.

“ನೋಡವ್ವ, ಅವತ್ತಿನ ಸಾಲನ್ನ ನಾನು ಬೇಕಂತ್ಲೇ ಬುಟ್ಟಿದ್ದು,” ಅಂದೆ. “ಮೂರ್ ಸಲ ಓದಿ, ಇದು ಇದ್ರೇನೇ ಚೆಂದ ಅಂತ ಹೆಬ್ಬೆಟ್ಟು ಒತ್ತಿದ್ದೆ. ಹೋಗ್ಲಿ, ಯೋಚ್ನೆ ಬುಡು. ನೀನು ಆ ಬಸ್ಸು ಹತ್ತೋಕೆ ಮುಂಚೆ ನಂದೂ ಒಂದು ಬಿನ್ನವತ್ತಳೆ ಬರ್ದಿಟ್ಟೋಗು. ನನ್ನ ಶಿಸ್ತಿನ ಬಗ್ಗೆ ಎರಡು ಮಾತು ಜಾಸ್ತಿ ಇರ್ಲಿ.”

ಸ್ವರ್ಣಲತಾ ಫೋನನ್ನು ಗೂಡಿನಲ್ಲಿಟ್ಟು ಮೈಕಿನ ಚಿತ್ರ ಒತ್ತಿ, ಗುಂಡನ ಬಾಯಿಗೆ ಇನ್ನೊಂದು ತುತ್ತು ಹಿಡಿದಳು.

“ಬಸ್ಸೂ ಇಲ್ಲ ಏನೂ ಇಲ್ಲ, ನಾನೆಲ್ಗೂ ಓಗಲ್ಲ ತಾತ. ಈಗ್ಲೇ ಬರೀತೀನಿ, ಇವನಿಗೆ ಉಣ್ಣಿಸ್ತಾನೇ ಬರೀತೀನಿ. ನಡುನಡುವೆ ‘ಸುಳ್ಳು ಹೇಳ್ಬ್ಯಾಡ, ಬಾಯ್ ಮುಚ್ಕೊಂಡು ಉಣ್ಣು’ ಅಂತ ಬತ್ತದ, ಅದನ್ನ ಅಳ್ಸಕಿಲ್ಲ. ಮೂರ್ ಸಲ ಓದ್ಕೊಂಡೇ ಮೈಕ್ ಮುಂದ ನಿಂತ್ಕಳಿ.”