ಅಕ್ಕ ಉಳಿಸಿದ ಅರ್ಧ

ಆರೋಗ್ಯ ಕೇಂದ್ರದ ಕಾಂಪೌಂಡರಿಗೆ ಜನ ಇಟ್ಟಿದ್ದ ಹೆಸರು ‘ಖಾಲಿ ಶೀಟು’. ತೀರಿದ ಮಾತ್ರೆಯ ಖಾಲಿ ಶೀಟು ತೋರಿಸದಿದ್ದರೆ, ದೇವರೇ ಇಳಿದು ಬಂದರೂ ಹೊಸದನ್ನು ಕೊಡುವ ಜಾತಿಯಲ್ಲ ಅವನದು. ಔಷಧದ ಖರ್ಚು ಇಳಿಸಿದ್ದಕ್ಕೆ ಮೇಲಿನ ಆಫೀಸಿನಿಂದ ಬಂದ ಹೊಗಳಿಕೆಯ ಕಾಗದಕ್ಕೆ ಗಾಜು ಹಾಕಿಸಿ ಕಿಟಕಿಯ ಪಕ್ಕ ತೂಗುಹಾಕಿದ್ದ. ಕ್ಯೂ ನಿಂತವರು ಅದನ್ನು ನೋಡುತ್ತಲೇ ಕೆಮ್ಮಬೇಕು.

ಅವನನ್ನು ಸಾಕಿದವಳು ಅಕ್ಕ. ಅವ್ವ ಸತ್ತಾಗ ಅವನಿಗೆ ಮೂರು ವರ್ಷ, ಇವಳಿಗೆ ಹನ್ನೆರಡು. ಸೊಂಟದಿಂದ ಇಳಿಸದೆ ಬೆಳೆಸಿದಳು. ತನ್ನ ಪಾಲಿನ ಮಿಠಾಯಿಯನ್ನೂ ಕಡಿದು ಅರ್ಧ ಅವನ ಕೈಗಿಡುತ್ತಿದ್ದಳು. ಈಗ ಅವಳಿಗೆ ಬಿಪಿ. ದಿನಕ್ಕೊಂದು ಮಾತ್ರೆ.

ಚೀಟಿಯಲ್ಲಿ ಬರೆದ ದಿನಕ್ಕೆ ಸರಿಯಾಗಿ ಬಂದು ಶೀಟು ಚಾಚಿದಳು. ಅರ್ಧಕ್ಕರ್ಧ ತುಂಬಿತ್ತು.

“ಇದೇನಕ್ಕ, ಹಾಗೇ ಉಳಿದಿದೆ?”

“ದಿನಾ ಅರ್ಧ ಮುರ್ಕೊಂಡು ನುಂಗ್ತೀನಪ್ಪ. ನಿನ್ನ ಖರ್ಚು ಇನ್ನಷ್ಟು ಇಳೀಲಿ, ಆ ಗಾಜಿನ ಪಕ್ಕ ಇನ್ನೊಂದು ಬರ್ಲಿ ಅಂತ.”

ಬೇರೆಯವನಾಗಿದ್ದರೆ ಬೈಯುತ್ತಿದ್ದ. ಇವನ ಎದೆ ಉಬ್ಬಿತು. ಶೀಟು ಎತ್ತಿ ಹಿಡಿದು ಕ್ಯೂಗೆಲ್ಲ ಸಾರಿದ: “ನೋಡ್ರಪ್ಪಾ, ನಮ್ಮಕ್ಕ ಅರ್ಧದಲ್ಲೇ ಕಲ್ಲುಗುಂಡಿನ ಹಾಗಿದ್ದಾಳೆ! ನೀವು ಕಡಲೆ ಥರ ಮುಕ್ತೀರ.”

“ಹಾಗಾದ್ರೆ ಸಂಬಳಾನೂ ಅರ್ಧ ತಗೊಳ್ಳಿ ಸ್ವಾಮಿ!” ಹಿಂದಿನಿಂದ ಯಾರೋ ಅಂದರು. ಎಲ್ಲರೂ ನಕ್ಕರು, ಅಕ್ಕನೂ.

ಒಳಗೆ ಡಾಕ್ಟರಮ್ಮ ಅಕ್ಕನ ಕೈಗೆ ಬಿಪಿ ಪಟ್ಟಿ ಸುತ್ತಿ ನೋಡಿ ಹುಬ್ಬು ಗಂಟಿಕ್ಕಿದರು. “ತುಂಬಾ ಏರಿದೆಯಲ್ಲಮ್ಮ. ಮಾತ್ರೆ ಸರಿಯಾಗಿ ತಗೋತಿದ್ದೀರಾ?”

ಅಕ್ಕ ಬಾಗಿಲಲ್ಲಿ ನಿಂತ ತಮ್ಮನ ಮುಖ ನೋಡಿದಳು.

“ಬಿಸಿಲಲ್ಲಿ ನಡ್ಕೊಂಡು ಬಂದಿದ್ದಾಳೆ ಡಾಕ್ಟ್ರೇ, ಅದಕ್ಕೆ,” ಎಂದುಬಿಟ್ಟ ಅವನು. ಹೊಸ ಶೀಟು ಕೊಡಲಿಲ್ಲ.

ಹದಿನಾರನೇ ದಿನ ಅಕ್ಕ ಬಚ್ಚಲಲ್ಲಿ ಬಿದ್ದಳು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಬಾಯಿ ಸೊಟ್ಟಗಾಯಿತು. ಅವಳು ಬಯಸಿದ ಎರಡನೇ ಕಾಗದ ಅದೇ ವಾರ ಬಂತು. ಅವನು ಲಕೋಟೆ ಒಡೆಯಲಿಲ್ಲ.

ಮಾತ್ರೆಯ ಡಬ್ಬವನ್ನೇ ಹೊತ್ತು ತಂದು ಅಕ್ಕನ ಮಂಚದ ಬಳಿ ಕುಳಿತ. ಒಂದನ್ನು ಬಿಡಿಸಿ ಅವಳ ಬಾಯಿಗಿಟ್ಟ.

“ಪೂರ್ತಿ ನುಂಗಕ್ಕ. ನನ್ನಾಣೆ.”

ಸೊಟ್ಟ ಬಾಯಿ ನಗಲು ನೋಡಿತು. ನೆಟ್ಟಗೆ ಉಳಿದ ಬದಿಯ ಹಲ್ಲಲ್ಲಿ ಮಾತ್ರೆಯನ್ನು ಕಟಕ್ಕೆಂದು ಕಡಿದಳು. ಅರ್ಧ ನುಂಗಿದಳು. ಉಳಿದರ್ಧವನ್ನು ಎಡಗೈಯಿಂದ ತೆಗೆದು, ಎಂಜಲು ಸಮೇತ ಅವನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದಳು.