ಫರ್ಹತಳ ಸಣ್ಣ ಗುಳ್ಳೆಗಳು

ಸವಣೂರಿನ ಇಜಾಜ ಸಾಹೇಬರ ಮಗಳು ಫರ್ಹತ, ಪ್ಲಾಸ್ಟಿಕ್ಕಿನೊಳಗೆ ಗುಳ್ಳೆ ಎಬ್ಬಿಸುವುದನ್ನೇ ಏಳು ವರ್ಷ ಓದಿ ಡಾಕ್ಟರ್ ಆದಳು. ಓಣಿಯ ಹೆಂಗಸರು ಮೊದಮೊದಲು ಅವಳ ಮುಂದೆ ಮೊಣಕಾಲು ಚಾಚಿ ಕೂರುತ್ತಿದ್ದರು. ಅವಳು ಆ ಡಾಕ್ಟರ್ ಅಲ್ಲವೆಂದು ತಿಳಿದ ಮೇಲೆ, ಇಷ್ಟು ಓದಿದ್ದು ದಂಡ ಎಂದು ತೀರ್ಮಾನಿಸಿದರು.

ಕೆಲಸ ಸಿಕ್ಕಿದ್ದು ತಡಸದ ಬಳಿ, ಚನ್ನವೀರಪ್ಪನ ಥರ್ಮೋಕೋಲ್ ಕಾರ್ಖಾನೆಯಲ್ಲಿ. ಮಂಜುಗಡ್ಡೆ ಕರಗದಂತೆ ಕಾಯುವ, ಮೂರು ಬೆರಳು ದಪ್ಪ ಗೋಡೆಯ ತನ್ನ ಡಬ್ಬಿಯ ಮೇಲೆ ಆತನಿಗೆ ಸ್ವಂತ ಮಕ್ಕಳಿಗಿಂತ ಹೆಚ್ಚು ಅಭಿಮಾನ.

"ಸಾವ್ಕಾರ್ರ, ಎರಡ ಬೆರಳಿನಾಗ ಇಷ್ಟ ತಂಪು ಹಿಡಿಯೂ ಹಂಗ ಮಾಡ್ತೇನಿ," ಎಂದಳು ಫರ್ಹತ. "ಗುಳ್ಳಿ ಸಣ್ಣವು ಆಗಬೇಕ್ರಿ. ಒಂದ ಕೂದಲಿನ ದಪ್ಪದಾಗ ಹತ್ತು ಕುಂದರೂವಷ್ಟು."

"ಕಣ್ಣಿಗೆ ಕಾಣದ್ದನ್ನ ಹೆಂಗ ಮಾರ್ಲಿ, ಡಾಕ್ಟರವ್ವಾ? ನಾನೇನು ಮಠಾ ಇಟ್ಟೇನೇನು?"

ಬೈದುಕೊಂಡೇ ಹಿಂದಿನ ಶೆಡ್ಡು ಕೊಟ್ಟ. ಫರ್ಹತ ದಪ್ಪ ಉಕ್ಕಿನ ಪಾತ್ರೆಯಲ್ಲಿ ತೆಳು ಪ್ಲಾಸ್ಟಿಕ್ ಹಾಳೆಗಳನ್ನಿಟ್ಟು, ಸೋಡಾಕ್ಕೆ ತುಂಬುವ ಅನಿಲವನ್ನೇ ಭಾರೀ ಒತ್ತಡದಲ್ಲಿ ನುಗ್ಗಿಸುತ್ತಿದ್ದಳು. ಅನಿಲ ನಿಧಾನವಾಗಿ ಹಾಳೆಯೊಳಗೆ ಇಂಗುತ್ತಿತ್ತು. ಆಮೇಲೆ ಒತ್ತಡವನ್ನು ಥಟ್ಟನೆ ಬಿಟ್ಟು ಹಾಳೆಯನ್ನು ಬಿಸಿ ಎಣ್ಣೆಯಲ್ಲಿ ಅದ್ದಿದರೆ, ಇಂಗಿದ್ದ ಅನಿಲವೆಲ್ಲ ಕೋಟಿಗಟ್ಟಲೆ ಗುಳ್ಳೆಯಾಗಿ ಉಬ್ಬುತ್ತಿತ್ತು. "ಡಾಕ್ಟರವ್ವ ಭಜಿ ಕರಿಯಾಕತ್ತಾಳ," ಎಂದು ಕೆಲಸಗಾರರು ನಕ್ಕರು.

ಉಬ್ಬಿದ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ, ಹೊರಗಿನಿಂದ ಸಾವ್ಕಾರನದರಷ್ಟೇ ದೊಡ್ಡದಾದ, ಎರಡು ಬೆರಳು ದಪ್ಪದ ಡಬ್ಬಿ ಮಾಡಿದಳು. ಏಪ್ರಿಲ್ ಬಿಸಿಲಿನಲ್ಲಿ, ಕಾರ್ಖಾನೆಯವರೆಲ್ಲರ ಎದುರು, ಇಬ್ಬರ ಡಬ್ಬಿಗೂ ಒಂದೊಂದು ಕಿಲೊ ಬರ್ಫ ಹಾಕಿ ಮುಚ್ಚಿದರು. ಐದು ತಾಸಿನ ಮೇಲೆ ತೆರೆದರೆ ಸಾವ್ಕಾರನ ಡಬ್ಬಿಯಲ್ಲಿ ಅರ್ಧ ಕಿಲೊ ಉಳಿದಿತ್ತು. ಫರ್ಹತಳದರಲ್ಲಿ ಬರೀ ನೀರು. ಚನ್ನವೀರಪ್ಪ ಅದರಲ್ಲೇ ಮುಖ ತೊಳೆದುಕೊಂಡ.

"ತಂಪದಾವು ನೋಡ್ರಿ ಡಾಕ್ಟರವ್ವನ ನೀರು!"

ಆ ವಾರ ಅವಳು ಯಾರ ಮುಖವನ್ನೂ ನೋಡಲಿಲ್ಲ. ಹಾಳೆಯ ಒಂದು ಚೂರನ್ನು ಹುಬ್ಬಳ್ಳಿಯ ಕಾಲೇಜೊಂದಕ್ಕೆ ಒಯ್ದು ಸೂಕ್ಷ್ಮದರ್ಶಕದಡಿ ಇಟ್ಟಳು. ಗುಳ್ಳೆಗಳು ಹೇಳಿದಷ್ಟೇ ಸಣ್ಣವಿದ್ದವು. ಆದರೆ ಅವುಗಳ ನಡುವೆ ಪ್ಲಾಸ್ಟಿಕ್ ಗೋಡೆಗಳು ಕೋಟೆಯಂತೆ ದಪ್ಪ. ಶಾಖ ಅವುಗಳ ಮೇಲೆಯೇ ಆರಾಮಾಗಿ ನಡೆದು ಒಳಗೆ ಹೋಗಿತ್ತು. ಗುಳ್ಳೆ ಸಣ್ಣದಾಗಿಸುವ ಜಂಬದಲ್ಲಿ ಸಾಕಷ್ಟು ಗುಳ್ಳೆ ಮಾಡುವುದನ್ನೇ ಅವಳು ಮರೆತಿದ್ದಳು.

ನೇರ ಸಾವ್ಕಾರನ ಬಳಿ ಹೋದಳು. "ತಪ್ಪು ನಂದರಿ. ಪ್ಲಾಸ್ಟಿಕ್ ಭಾಳ ಆಗೇತಿ, ಗಾಳಿ ಕಡಿಮಿ ಆಗೇತಿ."

ಚನ್ನವೀರಪ್ಪ ಕಕ್ಕಾಬಿಕ್ಕಿಯಾದ. ಹದಿನೆಂಟು ವರ್ಷದಲ್ಲಿ ಆ ಕಾರ್ಖಾನೆಯಲ್ಲಿ ಯಾರೂ ತಪ್ಪೊಪ್ಪಿಕೊಂಡಿರಲಿಲ್ಲ, ಆತನಂತೂ ಇಲ್ಲವೇ ಇಲ್ಲ. "ಇನ್ನೆರಡು ತಿಂಗಳ ನೋಡು," ಎಂದುಬಿಟ್ಟ.

ಫರ್ಹತ ಒತ್ತಡ ಏರಿಸಿದಳು, ಎಣ್ಣೆಯ ಕಾವು ಏರಿಸಿದಳು. ಹಾಳೆಗಳು ಹಪ್ಪಳದಂತೆ ಸೊಟ್ಟಗಾದವು, ಕೆಲವು ನಡುವೆಯೇ ಹರಿದವು. ಮೂವತ್ತೊಂದನೆಯದು ಚುರುಮುರಿಯಷ್ಟು ಹಗುರವಾಗಿ ಎಣ್ಣೆಯ ಮೇಲೆ ತೇಲಿತು. ಅವಳು ಶೆಡ್ಡಿನಲ್ಲಿ ಒಬ್ಬಳೇ ಕೂಗಿಕೊಂಡಳು.

ಮತ್ತೆ ಬಿಸಿಲು, ಮತ್ತೆ ಬರ್ಫ. ಈ ಸಲ ಅವಳ ಎರಡು ಬೆರಳಿನ ಡಬ್ಬಿಯಲ್ಲಿ ಉಳಿದದ್ದು ಸಾವ್ಕಾರನದಕ್ಕಿಂತ ಮೂವತ್ತು ಗ್ರಾಂ ಮಾತ್ರ ಕಡಿಮೆ.

"ಸೋತಿ!" ಎಂದ ಚನ್ನವೀರಪ್ಪ.

"ಹೌದ್ರಿ. ಆದ್ರ ಸುತ್ತ ಒಂದೊಂದ ಬೆರಳ ಜಾಗಾ ಉಳೀತಲ್ರಿ? ಒಳಗ ಎಷ್ಟ ಮಾಲು ಹೆಚ್ಚಿಗಿ ಹಿಡೀತದ, ಅಳೀರಿ."

ಆತ ಟೇಪು ತರಿಸಿ ಅಳೆದ. ಎರಡು ಸಲ ಅಳೆದ. ಒಳಗೆ ಹೋಗಿ ಇನ್ನೂ ದೊಡ್ಡ ಉಕ್ಕಿನ ಪಾತ್ರೆ ತರಿಸಲು ಫೋನು ಹಚ್ಚಿದ.

ಈಗ ಹಾನಗಲ್ಲಿನ ಮೀನಿನವರು, ಹಿರೇಕೆರೂರಿನ ಔಷಧ ಅಂಗಡಿಯವರು ಆ ಡಬ್ಬಿಗಾಗಿ ಬರುತ್ತಾರೆ. ಸಣ್ಣ ಗುಳ್ಳೆಯ ಮಹಿಮೆಯನ್ನು ಅವರಿಗೆ ಚನ್ನವೀರಪ್ಪನೇ ಗಂಟೆಗಟ್ಟಲೆ ವಿವರಿಸುತ್ತಾನೆ, ಅರ್ಧಕ್ಕರ್ಧ ತಪ್ಪಾಗಿ. ಫರ್ಹತ ತಿದ್ದಲು ಹೋಗುವುದಿಲ್ಲ. ಅಷ್ಟು ಹೊತ್ತು ಆತ ಶೆಡ್ಡಿನ ಕಡೆ ಸುಳಿಯುವುದಿಲ್ಲವಲ್ಲ, ಅದೇ ಅವಳಿಗೆ ಬೇಕಾದದ್ದು.